ಬೆಂಬಲವೋ, ಹೊರೆಯೋ?

ಮಾನ್ಯರೇ,

ಜನ ಬೇಸತ್ತ ನಾಯಕನ ಬೆಂಬಲವೇ ಅಭ್ಯರ್ಥಿಯನ್ನು ಮುಳುಗಿಸುತ್ತದೆ ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. 2008ರ ಮಾರ್ಚ್ 5ರಂದು ಶ್ವೇತಭವನದಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಪಕ್ಕದಲ್ಲಿ ನಿಂತ, ಆ ವರ್ಷ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತ ಜಾನ್ ಮೆಕೇನ್ ಇನ್ನೂ ನನ್ನ ಕಣ್ಣಮುಂದಿದ್ದಾರೆ. ಬುಷ್ ಹೆಸರು ಆಗಲೇ ಕೆಟ್ಟಿತ್ತು, ನಿಜ. ಆದರೆ ಅವರು ಅಂದು ಬೆಂಬಲ ಘೋಷಿಸದೇ ಹೋಗಿದ್ದರೂ, ಇರಾಕ್ ಯುದ್ಧದ ವಿಷಯದಲ್ಲಿ ಮೆಕೇನ್ ಬುಷ್ ಜೊತೆಗೇ ಇದ್ದರಲ್ಲ! ಮತದಾರರನ್ನು ಕಾಡಿದ್ದು ಆ ನಿಲುವು, ಅಂದಿನ ಹಸ್ತಲಾಘವವಲ್ಲ.

ತರಗತಿಯಲ್ಲಿ ನಾನು ಮತ್ತೆ ಮತ್ತೆ ಹೇಳುತ್ತಿದ್ದುದು 1968ರ ಕಥೆ. ಅಧ್ಯಕ್ಷ ಜಾನ್ಸನ್ ಅವರ ವಿಯೆಟ್ನಾಂ ಯುದ್ಧ ನೀತಿಯಿಂದ, ಆ ಚುನಾವಣೆಯಲ್ಲಿ ಅಭ್ಯರ್ಥಿಯಾಗಿದ್ದ ಉಪಾಧ್ಯಕ್ಷ ಹಂಫ್ರಿ ತುಸು ದೂರ ಸರಿದದ್ದು ಸೆಪ್ಟೆಂಬರ್ 30ರ ಭಾಷಣದಲ್ಲಿ. ಅಲ್ಲಿಂದ ಎದುರಾಳಿ ನಿಕ್ಸನ್‌ಗಿದ್ದ ಮುನ್ನಡೆ ಕುಗ್ಗುತ್ತಾ ಬಂತು. ಕೊನೆಗೆ ಹಂಫ್ರಿ ಅವರೆದುರು ಸೋತದ್ದು ಶೇ 1ಕ್ಕೂ ಕಡಿಮೆ ಮತಗಳಿಂದ. ಒಂದು ತಿಂಗಳು ಮೊದಲೇ ಬಾಯಿಬಿಟ್ಟಿದ್ದರೆ ಎಂದು ಈಗಲೂ ಮನಸ್ಸು ಹಳಹಳಿಸುತ್ತದೆ.

– ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ