ಕೇಬಲ್ ಜಾಲ ಕೊಳ್ಳುವ ಮುನ್ನ

ಮಾನ್ಯರೇ,

ಸಣ್ಣ ಕೇಬಲ್ ಜಾಲಗಳು ಮಾರಾಟಕ್ಕೆ ಬಂದಾಗ ‘ಇಷ್ಟು ಸಂಪರ್ಕ, ಸಂಪರ್ಕಕ್ಕೆ ಇಷ್ಟು’ ಎಂದು ಬೆಲೆ ಕಟ್ಟುವುದು ರೂಢಿ. ಈ ಲೆಕ್ಕ ಮೋಸದ್ದು. ಆಪರೇಟರ್ ಕೊಡುವ ಪಟ್ಟಿಯನ್ನು ನಂಬದೆ, ಕಳೆದ ಆರು ತಿಂಗಳಲ್ಲಿ ಪ್ರತಿ ತಿಂಗಳೂ ರೀಚಾರ್ಜ್ ಆದ ಸೆಟ್‌ಟಾಪ್ ಬಾಕ್ಸ್‌ಗಳನ್ನಷ್ಟೇ ಎಣಿಸಿ.

ಗ್ರಾಹಕ ಸಂಪರ್ಕಕ್ಕಾಗಿ ತಿಂಗಳಿಗೆ ಕೊಡುವ ನೆಟ್‌ವರ್ಕ್ ಶುಲ್ಕ 130 ರೂಪಾಯಿ ಎಂದಿಟ್ಟುಕೊಳ್ಳಿ. ಬೇರೆ ಒಪ್ಪಂದವಿಲ್ಲದಿದ್ದರೆ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಮಾದರಿ ಒಪ್ಪಂದದಂತೆ ಸ್ಥಳೀಯ ಆಪರೇಟರ್‌ಗೆ ಶೇ 45, ಅಂದರೆ 58.50 ರೂಪಾಯಿ. 300 ಮನೆಗೆ ತಿಂಗಳಿಗೆ 17,550. ಲೈನ್‌ಮ್ಯಾನ್ ಸಂಬಳ, ಕಂಬದ ಬಾಡಿಗೆ, ಕರೆಂಟು ಇದರಲ್ಲೇ. ಪೇ ಚಾನೆಲ್ ಪಾಲು ಸೇರಿದರೂ ದೊಡ್ಡ ಗಂಟೇನಲ್ಲ. 2024ರಲ್ಲಿ ಟ್ರಾಯ್ ಈ ಶುಲ್ಕದ ಮಿತಿ ತೆಗೆಯಿತು, ನಿಜ. ಮಾಸಿಕ ಶುಲ್ಕವೇ ಇಲ್ಲದ ಡಿಡಿ ಫ್ರೀ ಡಿಶ್ ಎದುರಿಗಿರುವಾಗ ದರ ಏರಿಸುವವರಾರು?

ಹಣ ಹಾಕುವುದಾದರೆ ಬ್ರಾಡ್‌ಬ್ಯಾಂಡ್ ಕೊಡಬಲ್ಲ ಫೈಬರ್‌ಗೆ ಹಾಕಿ. ಹಳೆಯ ಕೋಆಕ್ಸಿಯಲ್ ತಂತಿಯ ಕನೆಕ್ಟರ್‌ಗೆ ಮಳೆನೀರು ಇಳಿದರೆ ಚಿತ್ರ ಒಡೆಯುತ್ತದೆ. ಸಾಲು ಆಂಪ್ಲಿಫೈಯರ್‌ಗಳು ಸಿಗ್ನಲ್ ಜೊತೆ ಗದ್ದಲವನ್ನೂ (ನಾಯ್ಸ್) ಹಿಗ್ಗಿಸುತ್ತವೆ. ಫೈಬರ್‌ನಲ್ಲಿ ಬ್ರಾಡ್‌ಬ್ಯಾಂಡ್ ಕೊಡುವ ಜಿಪಾನ್ ವ್ಯವಸ್ಥೆಯಲ್ಲಿ ಸಾಮಾನ್ಯ ಬಿ+ ದರ್ಜೆಯ ಉಪಕರಣಕ್ಕೆ, ದಾರಿಯಲ್ಲಾಗುವ ಬೆಳಕಿನ ನಷ್ಟದ ಮಿತಿ 28 ಡಿಬಿ (ಡೆಸಿಬೆಲ್). ಒಂದು ಎಳೆಯ ಬೆಳಕನ್ನು ಎಂಟಕ್ಕೆ ಹಂಚುವ 1:8 ಸ್ಪ್ಲಿಟರ್ ಎರಡು ಹಂತದಲ್ಲಿ ಹಾಕಿದರೆ ಸುಮಾರು 21 ಡಿಬಿ ಅಲ್ಲೇ ಹೋಗುತ್ತದೆ. ಉಳಿದ 7ರಲ್ಲಿ ಫೈಬರ್, ಜೋಡಣೆ, ಕನೆಕ್ಟರ್ ಎಲ್ಲ ಮುಗಿಯಬೇಕು. ಹಾಗಾಗಿ ಕೊಳ್ಳುವ ಮೊದಲು ಕೊನೆಯ ಮನೆಯಲ್ಲಿ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಿಡಿದು ನೋಡಿ. ಮೈನಸ್ 27 ಡಿಬಿಎಂಗಿಂತ ಕೆಳಗಿದ್ದರೆ ಬೆಲೆ ಇಳಿಸಿ ಕೇಳಿ. ಕಂಬ ಬಳಸಲು ಎಸ್ಕಾಂನ ಲಿಖಿತ ಅನುಮತಿ ಇದೆಯೇ ಎಂಬುದನ್ನೂ ನೋಡಿ.

– ಒಬ್ಬ ಕೇಬಲ್ ತಂತ್ರಜ್ಞ