ಹೆಸರು ಹೇಳದೆ ಹೋದ ಸೈಕಲ್ ಅಣ್ಣನಿಗೆ

ಗೋವಾದ ಮಿರಾಮಾರ್‌ನಲ್ಲಿ ಐರನ್‌ಮ್ಯಾನ್ 70.3 ಎಂಬ ಈಜು-ಸೈಕಲ್-ಓಟದ ಸ್ಪರ್ಧೆಗೆ ಸೈಕಲ್ ಒಪ್ಪಿಸುವ ಸಾಲಿನಲ್ಲಿ ಒಬ್ಬೊಬ್ಬರ ಗಾಲಿ ಮುಟ್ಟಿ ನೋಡಿ, ಹೊಸಬರಿಗೆಲ್ಲ ತಾಳ್ಮೆಯಿಂದ ಹೇಳಿಕೊಟ್ಟ ಅಣ್ಣ, ನಿಮಗೆ ನಮ್ಮೆಲ್ಲರ ಧನ್ಯವಾದ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟಕ್ಕೆಂದು ತಿಂಗಳುಗಟ್ಟಲೆ ಬೆವರು ಸುರಿಸುವವರು ಟ್ಯೂಬ್ ಬದಲಿಸುವುದನ್ನು ಮಾತ್ರ ಕಲಿತಿರುವುದಿಲ್ಲ.

ಪಂಕ್ಚರ್ ಆದ ಟ್ಯೂಬ್ ತೆಗೆದ ಕೂಡಲೇ ಹೊಸದನ್ನು ತುರುಕಬಾರದು, ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ಮುಳ್ಳೋ ತಂತಿಚೂರೋ ಹುಡುಕಬೇಕು ಎಂದಿರಿ. ಬಿಟ್ಟರೆ ಅದೇ ಚೂರು ಎರಡನೇ ಟ್ಯೂಬನ್ನೂ ತಿನ್ನುತ್ತದೆ. ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಗಾಳಿ ಊದಿ ಕೂರಿಸಿದರೆ ಟೈರಿನ ಅಂಚಿನಡಿ ಸಿಕ್ಕಿ ಹರಿಯುವುದು ಕಡಿಮೆ. 50 ಮಿ.ಮೀ. ಆಳದ ರಿಮ್ಮಿಗೆ 48 ಮಿ.ಮೀ. ವಾಲ್ವಿನ ಟ್ಯೂಬ್ ತಂದವರೂ ಇದ್ದರು (ವಾಲ್ವ್ ಹೊರಗೇ ಬಾರದು!). ಅದಕ್ಕೆ 80 ಮಿ.ಮೀ. ಬೇಕು.

ದಾರಿಯಲ್ಲಿ ಪಂಪಿನ ಬದಲು ಟ್ಯೂಬ್ ಉಬ್ಬಿಸಲು, 25 ಮಿ.ಮೀ. ಅಗಲದ ಟೈರಿಗೆ 16 ಗ್ರಾಂನ ಕಾರ್ಬನ್ ಡೈಆಕ್ಸೈಡ್ ಪುಟ್ಟ ಸಿಲಿಂಡರ್ ಒಂದು ಸಾಕು. ಕೈ ತಪ್ಪಿದರೆ ಎಂದು ಇನ್ನೊಂದಿರಲಿ. ಆ ಅನಿಲ ರಬ್ಬರಿನ ಮೂಲಕ ಬೇಗ ಸೋರುವುದರಿಂದ ಮರುದಿನ ಪಂಪಿನಲ್ಲಿ ಗಾಳಿ ತುಂಬಿಸಲೇಬೇಕು. ಇದನ್ನು ಅಂಗಡಿಯವರೂ ಹೇಳುವುದಿಲ್ಲ, ನೋಡಿ.

ನೀವು ಹಂಚಿದ, ಟೈರ್ ಬಿಚ್ಚುವ ಲಿವರ್‌ಗಳು ನಮ್ಮ ಬಳಿಯೇ ಉಳಿದಿವೆ. ಎಲ್ಲಿದ್ದೀರೆಂದು ತಿಳಿಸಿದರೆ ತಲುಪಿಸುತ್ತೇವೆ.