ಒಂದು ಡಿಶ್, ಮೂರು ಟಿವಿ: ಕೇಬಲ್ ತಿರುಚಿ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ಡಿಡಿ ಫ್ರೀ ಡಿಶ್ ಹಾಕಿಸಿಕೊಂಡ ಮನೆಗಳಲ್ಲಿ ಈಗ ನಡುಮನೆಗೊಂದು, ಮಲಗುವ ಕೋಣೆಗೊಂದು, ಮಹಡಿ ಮೇಲಿನ ಮಗನ ಸಂಸಾರಕ್ಕೊಂದು ಎಂದು ಎರಡು ಮೂರು ಟಿವಿಗಳಾಗಿವೆ. ತಾರಸಿ ಹತ್ತಿ ನೋಡಿದರೆ ಟಿವಿಗೊಂದರಂತೆ ಡಿಶ್ ನಿಂತಿರುತ್ತದೆ. ಇಲ್ಲವೇ ಒಂದೇ ಡಿಶ್ಶಿನ ಕೇಬಲನ್ನು ನಡುವೆ ಸುಲಿದು, ಇನ್ನೊಂದು ಕೇಬಲ್ ತಿರುಚಿ, ಕರಿ ಟೇಪ್ ಸುತ್ತಿರುತ್ತಾರೆ. ಮೊದಲನೆಯದು ದುಂದು, ಎರಡನೆಯದು ಅಪಾಯ. ಸರಿಯಾದ ಸಾಮಾನು ಹಾಕಿದರೆ ಒಂದೇ ಡಿಶ್ಶಿನಿಂದ ನಾಲ್ಕು ಟಿವಿಗಳಲ್ಲಿ ನಾಲ್ಕು ಬೇರೆ ಬೇರೆ ಚಾನೆಲ್ ನೋಡಬಹುದು.

ತಿರುಚಿ ಸೇರಿಸುವ ಅಭ್ಯಾಸ ಬಂದಿರುವುದು ಅಲ್ಯೂಮಿನಿಯಂ ಕಡ್ಡಿಗಳ ಹಳೆಯ ಆಂಟೆನಾ ಕಾಲದಿಂದ. ಟವರಿನಿಂದ ಬಂದ ಸಿಗ್ನಲ್ ಆಗ ವೈರಿನಲ್ಲಿ ಕೆಳಗೆ ಇಳಿಯುತ್ತಿತ್ತು, ಅಷ್ಟೇ. ವೈರನ್ನು ಎರಡು ಮಾಡಿದರೆ ಪರದೆ ಮೇಲೆ ಚುಕ್ಕೆ ಹೆಚ್ಚಾಗುತ್ತಿತ್ತೇ ಹೊರತು ಚಿತ್ರ ನಿಲ್ಲುತ್ತಿರಲಿಲ್ಲ. ಡಿಶ್ಶಿನ ಲೆಕ್ಕವೇ ಬೇರೆ. ಸಿಗ್ನಲ್ ಕೆಳಗೆ ಬರುವ ಅದೇ ಕೇಬಲಿನಲ್ಲಿ ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸಿನಿಂದ ವೋಲ್ಟೇಜ್ ಮೇಲಕ್ಕೆ ಹೋಗುತ್ತಿರುತ್ತದೆ. ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ತಲೆಗೆ, ಅಂದರೆ ಎಲ್‌ಎನ್‌ಬಿಗೆ ಕರೆಂಟೂ ಅದೇ, ಅಪ್ಪಣೆಯೂ ಅದೇ: 13 ವೋಲ್ಟ್ ಹೋದರೆ ವರ್ಟಿಕಲ್ (ನಿಂತ ಅಲೆ), 18 ವೋಲ್ಟ್ ಹೋದರೆ ಹಾರಿಜಾಂಟಲ್ (ಮಲಗಿದ ಅಲೆ) – ಇದಕ್ಕೆ ಪೋಲರೈಸೇಷನ್ ಎನ್ನುತ್ತಾರೆ – ಜತೆಗೆ 22 ಕಿಲೋಹರ್ಟ್ಜ್ ಟೋನ್ ಸೇರಿದರೆ ಮೇಲಿನ ಫ್ರೀಕ್ವೆನ್ಸಿ ಬ್ಯಾಂಡ್. ಎರಡು ಕೇಬಲ್ ತಿರುಚಿದಾಗ ಎರಡು ಬಾಕ್ಸುಗಳ ವೋಲ್ಟೇಜ್ ಒಂದರೊಳಗೊಂದು ನುಗ್ಗುತ್ತದೆ. ಬಾಕ್ಸಿನೊಳಗೆ ಎಲ್‌ಎನ್‌ಬಿಗೆ ಕರೆಂಟ್ ಕೊಡುವ ಭಾಗ ಸುಡುವುದು ಹೀಗೆ. ಅದು ಉಳಿದರೂ 75 ಓಮ್ ಕೇಬಲಿನ ಹೊಂದಾಣಿಕೆ ಆ ಗಂಟಿನಲ್ಲಿ ಕೆಡುವುದರಿಂದ ಸಿಗ್ನಲ್ ಅಲ್ಲಿಂದಲೇ ಹಿಂದಕ್ಕೆ ಹೊಡೆಯುತ್ತದೆ. ಕೆಲವು ಚಾನೆಲ್ ಬರುತ್ತದೆ, ಕೆಲವು ಬರುವುದಿಲ್ಲ ಎಂಬ ದೂರಿನ ಮೂಲ ಬಹಳ ಸಲ ಇದೇ.

ಬದಲಾಯಿಸಬೇಕಾದ್ದು ಡಿಶ್ಶನ್ನಲ್ಲ, ಎಲ್‌ಎನ್‌ಬಿಯನ್ನು. ಮಾಮೂಲಿ ಸಿಂಗಲ್ ಎಲ್‌ಎನ್‌ಬಿಗೆ ಒಂದೇ ಬಾಯಿ. ಎರಡು ಟಿವಿ ಇದ್ದರೆ ಎರಡು ಬಾಯಿಯ ಟ್ವಿನ್, ಮೂರು ನಾಲ್ಕಿದ್ದರೆ ಕ್ವಾಡ್ ಕೇಳಿ ತೆಗೆದುಕೊಳ್ಳಿ. ಯೂನಿವರ್ಸಲ್ ಮಾದರಿ, ಅಂದರೆ ಮೇಲೆ 9750/10600 ಎಂದು ಬರೆದಿರುವುದೇ ಇರಲಿ, ಬಾಕ್ಸಿನ ಮೆನುವಿನಲ್ಲೂ ಅದನ್ನೇ ಆರಿಸಿ. ಪ್ರತಿ ಬಾಯಿಂದ ಒಂದು ಬಾಕ್ಸಿಗೆ ನೇರ ಕೇಬಲ್. ಒಬ್ಬರು ಚಂದನ ನೋಡಲಿ, ಇನ್ನೊಬ್ಬರು ಸಿನಿಮಾ ನೋಡಲಿ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಅಂಗಡಿಯಲ್ಲಿ ಒಂದು ಎಚ್ಚರ ಬೇಕು. ‘ಕ್ವಾಟ್ರೊ’ ಎಂಬ ಎಲ್‌ಎನ್‌ಬಿಗೂ ನಾಲ್ಕು ಬಾಯಿ ಇರುತ್ತದೆ, ಆದರೆ ಒಂದೊಂದರಲ್ಲಿ ಬರುವುದು ಒಂದು ಪೋಲರೈಸೇಷನ್ನಿನ ಒಂದು ಬ್ಯಾಂಡಿನ ಚಾನೆಲ್ ಮಾತ್ರ. ಅದು ಅಪಾರ್ಟ್‌ಮೆಂಟುಗಳಲ್ಲಿ, ಸಿಗ್ನಲನ್ನು ಹಲವು ಮನೆಗಳಿಗೆ ಹಂಚುವ ಮಲ್ಟಿಸ್ವಿಚ್ ಜತೆ ಬಳಸುವಂಥದ್ದು. ಕ್ವಾಡ್ ಎಂದು ತಿಳಿದು ಅದನ್ನು ಹಾಕಿದವರು ಡಿಶ್ ತಿರುಗಿಸಿ ತಿರುಗಿಸಿ ಸಾಕಾಗುತ್ತಾರೆ.

ಗೋಡೆಯೊಳಗೆ ಒಂದೇ ಕೇಬಲ್ ಹೋಗಿದೆ, ಎರಡನೆಯದು ಎಳೆಯಲು ದಾರಿಯಿಲ್ಲ ಎಂದಾಗ ಮಾತ್ರ, ಒಂದು ಕೇಬಲಿನ ಸಿಗ್ನಲ್ ಎರಡಾಗಿ ಹಂಚುವ ಸ್ಪ್ಲಿಟರ್ ಹಾಕಿ. ಅದರ ಮೈಮೇಲಿನ ಅಂಕಿ ಓದಿ. ಕೇಬಲ್ ಟಿವಿಯವರ ಸ್ಪ್ಲಿಟರ್ ಮೇಲೆ 5–1000 ಮೆಗಾಹರ್ಟ್ಜ್ ಎಂದಿರುತ್ತದೆ. ಎಲ್‌ಎನ್‌ಬಿಯಿಂದ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಜ್ ವರೆಗೆ ಹರಡಿರುವುದರಿಂದ ಅದು ಇಲ್ಲಿ ಪ್ರಯೋಜನವಿಲ್ಲ. 5–2400 ಎಂದಿರಬೇಕು, ಬಾಕ್ಸಿನ ವೋಲ್ಟೇಜನ್ನು ಮೇಲಕ್ಕೆ ಬಿಡುವ ‘ಪವರ್ ಪಾಸ್’ ಎಂದೂ ಇರಬೇಕು. ಒಂದೇ ಬಾಯಿಗೆ ಪವರ್ ಪಾಸ್ ಇದ್ದರೆ ಆ ಬಾಯಿಯ ಬಾಕ್ಸ್ ಚಾಲೂ ಇರುವಷ್ಟು ಹೊತ್ತು ಮಾತ್ರ ಇನ್ನೊಂದು ಟಿವಿ ನಡೆಯುತ್ತದೆ. ಅಜ್ಜಿ ನಡುಮನೆಯ ಸ್ವಿಚ್ ಆರಿಸಿದರೆ ಮಹಡಿಯಲ್ಲಿ ‘ನೋ ಸಿಗ್ನಲ್’. ಎಲ್ಲ ಬಾಯಿಗೂ ಪವರ್ ಪಾಸ್ ಇದ್ದು, ಒಂದರ ವೋಲ್ಟೇಜ್ ಇನ್ನೊಂದಕ್ಕೆ ನುಗ್ಗದಂತೆ ತಡೆಯುವ ಡಯೋಡ್ ಒಳಗೆ ಇರುವುದು ವಾಸಿ. ಹಾಗಿದ್ದರೂ ಒಂದು ಬಾಕ್ಸ್ 13, ಇನ್ನೊಂದು 18 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಹೆಚ್ಚಿನದರ ಮಾತನ್ನೇ ಕೇಳುತ್ತದೆ. ಎರಡೂ ಬಾಕ್ಸ್ ಒಂದೇ ಪೋಲರೈಸೇಷನ್ನಿನ ಚಾನೆಲ್ ಕೇಳುವಷ್ಟು ಕಾಲ ಮಾತ್ರ ಸ್ಪ್ಲಿಟರ್ ಸಲ್ಲುತ್ತದೆ. ಮೇಲಾಗಿ ಎರಡು ದಾರಿಯ ಸ್ಪ್ಲಿಟರ್ ಸುಮಾರು 4 ಡೆಸಿಬಲ್ ಸಿಗ್ನಲ್ ತಿನ್ನುತ್ತದೆ. ಬಿಸಿಲಿನಲ್ಲಿ ಅದು ಗೊತ್ತಾಗುವುದಿಲ್ಲ. ಜುಲೈ ತಿಂಗಳ ಮಲೆನಾಡಿನ ಮಳೆಗೆ ಮೊದಲು ನಿಲ್ಲುವುದು ಆ ಮನೆಯ ಟಿವಿಯೇ. ಟಿವಿ ಹಿಂದೆ ಆಂಪ್ಲಿಫೈಯರ್ ಕೂರಿಸಿದರೆ ದುರ್ಬಲ ಸಿಗ್ನಲ್ ಜತೆ ಗದ್ದಲವೂ ದೊಡ್ಡದಾಗುತ್ತದೆ. ಮಳೆ ನಾಡಿನಲ್ಲಿ 60 ಸೆಂಟಿಮೀಟರ್ ಬದಲು 90ರ ಡಿಶ್ ಹಾಕುವುದೇ ನಿಜವಾದ ಪರಿಹಾರ.

ಕೇಬಲ್ ಆರ್‌ಜಿ-6 ಇರಲಿ, ನಡುವಿನ ತಂತಿ ಪೂರ್ತಿ ತಾಮ್ರದ್ದಾದರೆ ಒಳ್ಳೆಯದು. ತಾಮ್ರ ಲೇಪಿಸಿದ ಉಕ್ಕಿನ ತಂತಿಯಲ್ಲಿ ಉದ್ದ ಹೆಚ್ಚಿದಷ್ಟೂ ವೋಲ್ಟೇಜ್ ಇಳಿಯುತ್ತದೆ. 2000 ಮೆಗಾಹರ್ಟ್ಜ್ ಆಸುಪಾಸಿನಲ್ಲಿ 30 ಮೀಟರ್ ಕೇಬಲಿಗೆ ಸುಮಾರು 9–10 ಡೆಸಿಬಲ್ ನಷ್ಟ ಎಂದು ಲೆಕ್ಕ ಹಿಡಿದು, ಸುತ್ತಿ ಇಟ್ಟ ಹೆಚ್ಚುವರಿ ಕೇಬಲ್ ಕತ್ತರಿಸಿಬಿಡಿ.

ನಿಜವಾದ ಕೆಲಸ ಇರುವುದು ಕೇಬಲ್ ತುದಿಗೆ ಹಾಕುವ ಲೋಹದ ಎಫ್ ಪಿನ್ನಿನಲ್ಲಿ. ಮೊದಲು ಎಲ್ಲ ಬಾಕ್ಸುಗಳ ಪ್ಲಗ್ ಕೀಳಿ, ರಿಮೋಟಿನಲ್ಲಿ ಆರಿಸಿದರೆ ಸಾಲದು. ಹೊರಗಿನ ಸಿಪ್ಪೆಯನ್ನು ಸುಮಾರು 15 ಮಿಲಿಮೀಟರ್ ಸುಲಿದು, ಜಾಲರಿ ಎಳೆಗಳನ್ನು ಹಿಂದಕ್ಕೆ ಮಡಚಿ. ಬಿಳಿ ಫೋಮಿಗೆ ಅಂಟಿದ ತಗಡಿನ ಹಾಳೆ ಹಾಗೇ ಇರಲಿ. ತುದಿಯಲ್ಲಿ 8–9 ಮಿಲಿಮೀಟರಿನಷ್ಟು ಹಾಳೆ, ಫೋಮ್ ಎರಡನ್ನೂ ತೆಗೆಯಿರಿ, ತಾಮ್ರದ ತಂತಿಗೆ ಬ್ಲೇಡಿನ ಗೀರು ಬೀಳದಂತೆ. ಪಿನ್ ಒತ್ತಿದಾಗ ಒಳಗಿನ ಬಿಳಿ ಫೋಮ್ ತಳಕ್ಕೆ ಸಮವಾಗಿ ಕಾಣಬೇಕು, ತಂತಿ ಅಂಚಿನಿಂದ 2 ಮಿಲಿಮೀಟರ್ ಹೊರಗೆ ಇಣುಕಬೇಕು. ಬೆಳಕಿಗೆ ಹಿಡಿದು ನೋಡಿ. ಕೂದಲಿನಷ್ಟು ತೆಳ್ಳಗಿನ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರೂ ಶಾರ್ಟ್. ಬಾಕ್ಸ್ ‘ಎಲ್‌ಎನ್‌ಬಿ ಶಾರ್ಟ್’ ಎನ್ನುತ್ತದೆ, ಇಲ್ಲವೇ ಸುಮ್ಮನೆ ಸಿಗ್ನಲ್ ಬಿಡುತ್ತದೆ. ತಿರುಗಿಸಿ ಹಾಕುವ ಪಿನ್ನಿಗಿಂತ ಯಂತ್ರದಲ್ಲಿ ಒತ್ತುವ ಕಂಪ್ರೆಷನ್ ಪಿನ್ ಹೆಚ್ಚು ಬಾಳುತ್ತದೆ. ಹೊರಗಿನ ಪಿನ್ನುಗಳಿಗೆ ರಬ್ಬರಿನಂತೆ ತನಗೆ ತಾನೇ ಅಂಟುವ ಟೇಪ್ ಸುತ್ತಿ. ಕರಿ ಟೇಪ್ ಒಂದೇ ಬೇಸಿಗೆಗೆ ಬಿಚ್ಚಿಕೊಳ್ಳುತ್ತದೆ. ಗೋಡೆಯೊಳಗೆ ನುಗ್ಗುವ ಮುನ್ನ ಕೇಬಲನ್ನು ಒಂದು ಗೇಣು ಕೆಳಗೆ ಜೋತುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಎಲ್‌ಎನ್‌ಬಿ ಬದಲಿಸಿದ ಮೇಲೆ ದಿಕ್ಕು ಮತ್ತೆ ನೋಡಬೇಕಾಗುತ್ತದೆ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ. ಬೆಂಗಳೂರಿನಿಂದ ಅದು ಆಗ್ನೇಯಕ್ಕೆ, ಒಂಚೂರು ಪೂರ್ವದ ಕಡೆಗೆ. ರಾಜ್ಯದ ಹೆಚ್ಚಿನ ಕಡೆ ಆಕಾಶದಲ್ಲಿ 61ರಿಂದ 66 ಡಿಗ್ರಿ ಎತ್ತರದಲ್ಲಿದೆ. ಡಿಶ್ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲ, ಅದರ ಆಕಾರ ಹಾಗೆ. ಮೆನುವಿನ ‘ಸ್ಟ್ರೆಂತ್’ ನಂಬಬೇಡಿ, ಎಲ್‌ಎನ್‌ಬಿಗೆ ಕರೆಂಟ್ ಸಿಕ್ಕರೇ ಅದು ಏರುತ್ತದೆ. ‘ಕ್ವಾಲಿಟಿ’ ನೋಡಿ. ಡಿಶ್ ನಿಂತ ಮೇಲೆ ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ, ಕ್ವಾಲಿಟಿ ಅತಿ ಹೆಚ್ಚಾದ ಕಡೆ ಬಿಗಿ ಮಾಡಿ. ಈ ಕೊನೆಯ ಹೆಜ್ಜೆಯನ್ನು ಅನೇಕರು ಬಿಟ್ಟುಬಿಡುತ್ತಾರೆ.

ಎರಡನೇ ಟಿವಿಯಲ್ಲಿ ಚಾನೆಲ್ ಕಡಿಮೆ ಬಂದರೆ ಬಾಕ್ಸುಗಳನ್ನು ಅದಲು ಬದಲು ಮಾಡಿ ನೋಡಿ. ಕೊರತೆ ಬಾಕ್ಸಿನ ಜತೆಯೇ ಹೋದರೆ ಅದು ಬಹುಶಃ ಹಳೆಯ ಎಂಪೆಗ್-2 ಬಾಕ್ಸ್, ಚಿತ್ರವನ್ನು ಹೊಸ ಬಗೆಯಲ್ಲಿ ಕುಗ್ಗಿಸಿ ಕಳಿಸುವ ಎಂಪೆಗ್-4 ಚಾನೆಲ್ ತೋರಿಸಲಾರದು. ಕೊರತೆ ಅಲ್ಲೇ ಉಳಿದರೆ ಕೇಬಲ್ ಅಥವಾ ಪಿನ್ನಿನ ದೋಷ. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗೆ ಬಾಕ್ಸ್ ಬೇಕಿಲ್ಲ, ಆದರೆ ಮೆನುವಿನಲ್ಲಿ ‘ಎಲ್‌ಎನ್‌ಬಿ ಪವರ್’ ಆನ್ ಇರಬೇಕು.

ಏಪ್ರಿಲ್–ಮೇ ಗುಡುಗಿಗೆ ಮುಂಚೆ ಡಿಶ್ಶಿನ ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಕ್ವಾಡ್ ಎಲ್‌ಎನ್‌ಬಿ ಹಾಕಿದ ಮನೆಯಲ್ಲಿ ಮಿಂಚು ನಾಲ್ಕು ಕೋಣೆಗೆ ಇಳಿಯಬಲ್ಲದು. ಮೋಡ ಕಟ್ಟುತ್ತಿರುವಾಗಲೇ ಪ್ಲಗ್ ಜತೆ ಡಿಶ್ ಕೇಬಲನ್ನೂ ಬಾಕ್ಸಿನಿಂದ ಕಳಚಿ, ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಅಂಗಡಿಯವರಲ್ಲಿ ಒಂದು ಕೋರಿಕೆ: ಡಿಶ್ ಸೆಟ್ ಕಟ್ಟಿಕೊಡುವ ಮುನ್ನ ಮನೆಯಲ್ಲಿ ಎಷ್ಟು ಟಿವಿ ಇವೆ ಎಂದು ಕೇಳಿ, ಅದಕ್ಕೆ ತಕ್ಕ ಎಲ್‌ಎನ್‌ಬಿಯನ್ನೇ ಕೊಡಿ.

– ಡಿಶ್ ಅಳವಡಿಕೆ ಕೆಲಸದವರು, ಶಿವಮೊಗ್ಗ ಜಿಲ್ಲೆ